ಅವ್ವ ಚರಗ ಚೆಲ್ಲಿದ ನೆಲ

ಸಿಕಂದರಾಬಾದ್ ಸ್ಟೇಷನ್ನಿನ ಹಿಂದೆ ನಾವಿದ್ದ ಮನೆಯಲ್ಲಿ ಮಣ್ಣು ಅನ್ನುವುದೇ ಇರಲಿಲ್ಲ. ಒಳಗೊಂದು ಹೊರಗೊಂದು ಎರಡು ಕೋಣೆ, ಮುಂದೆ ಸಾಲುಮನೆಗಳಿಗೆಲ್ಲ ಸೇರಿದ ಉದ್ದನೆಯ ಅಂಗಳ, ಅದರ ತುದಿಗೆ ಒಂದು ನಲ್ಲಿ. ಅಡುಗೆ ಕೋಣೆಯಿಂದ ನಲ್ಲಿಯ ಕಟ್ಟೆಯವರೆಗೂ ಶಹಾಬಾದಿ ಫರಸಿ ಹಾಸಿತ್ತು. ಆ ಕಲ್ಲು ನಮ್ಮ ಸೀಮೆಯಿಂದಲೇ ರೈಲಿನಲ್ಲಿ ಬಂದದ್ದು ಎಂದು ಅಪ್ಪ ಹೇಳಿದ ದಿನದಿಂದ ಅವ್ವ ನೆಲ ಒರೆಸುವಾಗ ಅದನ್ನು ತವರಿನ ಮಂದಿಯನ್ನು ಮಾತಾಡಿಸಿದ ಹಾಗೆ ಮಾತಾಡಿಸುತ್ತಿದ್ದಳು. ಬೇಸಿಗೆಯಲ್ಲಿ ಊಟವಾದ ಮೇಲೆ ಹಾಸಿಗೆಯಿಲ್ಲದೆ ಅದರ ಮೇಲೆ ಮಲಗಿದರೆ ಬೆನ್ನಿಗೆ ತಣ್ಣಗಾಗುತ್ತಿತ್ತು. ದೇವರು ನಮಗೆ ಫ್ಯಾನು ಕೊಡುವುದಕ್ಕಿಂತ ಮೊದಲು ಆ ಕಲ್ಲು ಕೊಟ್ಟಿದ್ದ; ಅವನು ಕೊಟ್ಟದ್ದನ್ನು ನೆನೆಸಿಕೊಳ್ಳುವಾಗ ನಾನು ಈಗಲೂ ಅದನ್ನು ಬಿಡುವುದಿಲ್ಲ. ಆದರೆ ಮಣ್ಣು ಮಾತ್ರ ಇರಲಿಲ್ಲ. ಪೂಜೆಗೆ ಬೇಕಾದ ಪತ್ರಿ ಗಿಡವನ್ನು ಅವ್ವ ಎಣ್ಣೆಯ ಡಬ್ಬಿಯಲ್ಲಿ ಬೆಳೆಸಿದ್ದಳು. ಅದರಲ್ಲಿದ್ದ ಕರಿಮಣ್ಣನ್ನು ಸೇಡಂ ಕಡೆಯ ತನ್ನ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳಂತೆ. ಜೋರು ಮಳೆ ಬಂದರೆ ಡಬ್ಬಿಯನ್ನು ಒಳಗೆ ತರುತ್ತಿದ್ದಳು, ಮಣ್ಣು ತೊಳೆದು ಹೋದೀತೆಂದು.

ಅಪ್ಪ ಕಾಳಿನ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತ. ನಾನು ಹಿರಿಯಳು, ನನ್ನ ಬೆನ್ನಿಗೆ ತಮ್ಮ ಶಿವು. ಮಹಡಿಯ ಮೇಲೆ ಮನೆಯ ಒಡತಿ ಇದ್ದರು. ಅವರನ್ನು ದೊಡ್ಡವರು ಸಣ್ಣವರು ಎಲ್ಲರೂ ಖಾಲಾ ಅನ್ನುತ್ತಿದ್ದರು. ಬೆಳಗಿನ ಜಾವ ಅವ್ವ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ಒಲೆಯ ಮುಂದೆ ಕೂತಳೆಂದರೆ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿತ್ತು. ಬಾಡಿಗೆಗೆ ಬಂದ ಹೊಸದರಲ್ಲಿ ಖಾಲಾ ಆ ಸದ್ದಿಗೆ ಸಿಟ್ಟಾಗಿ ಇಳಿದು ಬಂದಿದ್ದರಂತೆ. ಅವ್ವನಿಗೆ ಅವರ ಮಾತು ತಿಳಿಯಲಿಲ್ಲ. ಹಸಿದು ಬಂದಿದ್ದಾರೆಂದುಕೊಂಡು ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಶೇಂಗಾ ಚಟ್ನಿಪುಡಿಯ ಹಿಂಡಿ ಇಟ್ಟು ಕೈಗೆ ಕೊಟ್ಟಳಂತೆ. ಆಮೇಲೆ ಸದ್ದಿನ ಮಾತು ಬರಲಿಲ್ಲ. ನಾನು ಶಾಲೆಗೆ ಹೋಗುವ ಹೊತ್ತಿಗೆ ಖಾಲಾ ಮೆಟ್ಟಿಲ ಮೇಲೆ ನಿಂತು, ನಿಮ್ಮಮ್ಮ ಬಡಿಯದಿದ್ದರೆ ನನಗೆ ಬೆಳಗಾಗುವುದೇ ಇಲ್ಲ ಎಂದು ದಖನಿಯಲ್ಲಿ ಹೇಳುವಷ್ಟು ಆಗಿತ್ತು. ಅವ್ವ ತಾನು ಯಾರನ್ನೂ ಗೆದ್ದೆ ಅಂದುಕೊಂಡವಳಲ್ಲ. ಮನೆಗೆ ಬಂದವರಿಗೆ ಉಣ್ಣಲಿಕ್ಕೆ ಕೊಡುವುದೊಂದೇ ಅವಳಿಗೆ ಗೊತ್ತಿದ್ದ ಮಾತು. ಹೈದರಾಬಾದಿನಲ್ಲಿ ಅಷ್ಟು ವರ್ಷ ಇದ್ದರೂ ಅವಳು ತೆಲುಗು ಕಲಿಯಲಿಲ್ಲ, ಉರ್ದು ಕಲಿಯಲಿಲ್ಲ.

ವರ್ಷದ ಮುನ್ನೂರು ಚಿಲ್ಲರೆ ದಿನ ಅವ್ವ ಈ ಊರಿಗೆ ಹೊಂದಿಕೊಂಡು ಇರುತ್ತಿದ್ದಳು. ಎಳ್ಳಮಾವಾಸ್ಯೆಯ ದಿನ ಮಾತ್ರ ಹೊಂದಿಕೊಳ್ಳುತ್ತಿರಲಿಲ್ಲ. ನಮ್ಮ ಕಡೆ ಆ ದಿನ ಹೊಲದಲ್ಲಿ ತೊಗರಿ ಕಾಯಿ ಕಟ್ಟಿರುತ್ತದೆ, ಜೋಳ ತೆನೆ ಹಿಡಿದಿರುತ್ತದೆ. ಭೂಮಿತಾಯಿ ಬಸುರಿ ಎಂದು ಲೆಕ್ಕ. ಬಸುರಿಗೆ ಬಯಕೆಯ ಊಟ ಹಾಕುವ ಹಾಗೆ ಮನೆಯ ಅಡುಗೆಯನ್ನೆಲ್ಲ ಹೊಲಕ್ಕೆ ಹೊತ್ತು, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಎಲ್ಲವನ್ನೂ ಕಲಸಿ ಹೊಲದ ನಾಲ್ಕು ಮೂಲೆಗೂ ಚೆಲ್ಲುತ್ತಾರೆ. ಅದೇ ಚರಗ. ಮುಂದೆ ಚೆಲ್ಲುವವರು ‘ಹುಲ್ಲುಲ್ಲಿಗೋ’ ಎಂದು ಕೂಗಬೇಕು, ಬೆನ್ನ ಹಿಂದೆ ನೀರು ಹಾಕುತ್ತ ಬರುವವರು ‘ಚಲ್ಲಾಂಬ್ರಿಗೋ’ ಅನ್ನಬೇಕು. ಹಾಗಂದರೇನು ಎಂದು ನಾನು ಅವ್ವನನ್ನು ಕೇಳಿದ್ದೆ. ಹಾಗೆ ಕೂಗಿದರೆ ಭೂಮಿಗೆ ತಿಳಿಯುತ್ತದೆ, ನಿನಗೆ ತಿಳಿದು ಏನಾಗಬೇಕು ಎಂದಿದ್ದಳು. ನಾಲ್ಕು ಮೂಲೆ ಆಗುವ ತನಕ ಅವಳ ಬಾಯಿಗೆ ನೀರೂ ಇಲ್ಲ. ಮನೆಯಲ್ಲಿ ಮಣ್ಣಿಲ್ಲ, ಊರಿಗೆ ಹೋಗಲು ಅಪ್ಪನಿಗೆ ರಜೆಯಿಲ್ಲ. ದೇವರ ಜಗಲಿಯ ಮುಂದೆ ಎಡೆ ಇಟ್ಟು ಕೈಮುಗಿದರೆ ಸಾಲದೇ ಎಂದು ಅಪ್ಪ ವರ್ಷವರ್ಷ ವಾದ ಹೂಡುತ್ತಿದ್ದರು. ಅವ್ವ ವಾದಿಸುತ್ತಿರಲಿಲ್ಲ, ಬುಟ್ಟಿ ತುಂಬುತ್ತಿದ್ದಳು. ಹಸಿ ತೊಗರಿಕಾಳು, ಅವರೆ, ಹಸಿ ಕಡಲೆ, ಮೆಂತ್ಯದ ಸೊಪ್ಪು ಎಲ್ಲ ಹಾಕಿ ಹುಳಿಮಜ್ಜಿಗೆ, ಕಡಲೆಹಿಟ್ಟಿನಲ್ಲಿ ಕುದಿಸಿದ ಭಜ್ಜಿ. ಸಜ್ಜೆಯ ರೊಟ್ಟಿ, ಸಜ್ಜೆಯ ಕಡಬು, ಶೇಂಗಾದ ಹೋಳಿಗೆ, ಅರಿಶಿನದ ಅನ್ನ. ಎಲ್ಲವೂ ನಾವು ನಾಲ್ವರಿಗೆ ಎರಡು ದಿನಕ್ಕೂ ಮುಗಿಯದಷ್ಟು. ಇಷ್ಟು ಯಾಕೆ ಎಂದರೆ ಒಂದೇ ಉತ್ತರ:

“ಹೊಲ್ದಾಗ ಯಾರರ ಬರ್ತಾರ.”

ಅವಳ ಹಟಕ್ಕೆ ಕಾರಣ ನನಗೆ ತಿಳಿದದ್ದು ಬಹಳ ತಡವಾಗಿ, ನಾನೇ ಬಸುರಿಯಾಗಿ ಅವಳ ಹತ್ತಿರ ಬಂದಾಗ. ಮದುವೆಯಾಗಿ ಹೈದರಾಬಾದಿಗೆ ಬಂದ ಮೊದಲ ವರ್ಷ ಅವಳು ಚರಗ ಚೆಲ್ಲಲಿಲ್ಲ. ಎಲ್ಲಿ ಚೆಲ್ಲಬೇಕೆಂದು ಕೇಳಲು ಗುರುತಿನವರಿರಲಿಲ್ಲ. ಆಗ ಅವಳ ಹೊಟ್ಟೆಯಲ್ಲಿದ್ದ ಚೊಚ್ಚಲು ಕೂಸು ಉಳಿಯಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಅವಳು ಒಂದು ಸಲವೂ ಹೇಳಲಿಲ್ಲ. ನನ್ನ ತಲೆಗೆ ಎಣ್ಣೆ ತಿಕ್ಕುತ್ತ ಇಷ್ಟೇ ಹೇಳಿದಳು:

“ಆಕಿನೂ ಬಸುರಿ, ನಾನೂ ಬಸುರಿ. ನಾ ಒಬ್ಬಾಕಿನ ಉಂಡೆ. ಅದು ಮನಸಿನ್ಯಾಗ ಉಳೀತು ನೋಡು.”

ಮರುವರ್ಷದಿಂದ ಅವಳು ಬಿಡಲಿಲ್ಲ. ಅಲ್ಲಿಂದ ಮುಂದೆ ಹುಟ್ಟಿದವರು ನಾವಿಬ್ಬರು. ಆದ್ದರಿಂದ ಎಳ್ಳಮಾವಾಸ್ಯೆಗೆ ಒಂದು ತುಂಡು ನೆಲ ಹುಡುಕುವುದು ನಮ್ಮ ಮನೆಯಲ್ಲಿ ಹಬ್ಬದ ಕೆಲಸವಾಗಿರಲಿಲ್ಲ. ಅವ್ವನ ಜೀವದ ಕೆಲಸವಾಗಿತ್ತು.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗಿನ ಅಮಾವಾಸ್ಯೆ ಕಣ್ಣಿಗೆ ಕಟ್ಟಿದ ಹಾಗಿದೆ. ಅಲ್ಲಿಯವರೆಗೆ ಅವ್ವ ರೈಲ್ವೆ ಹಳಿಯ ಪಕ್ಕದ ಬಯಲಿನಲ್ಲಿ, ಹುಲ್ಲು ಬೆಳೆದಲ್ಲಿ ಚರಗ ಚೆಲ್ಲಿ ಬರುತ್ತಿದ್ದಳು. ಆ ವರ್ಷ ಅಲ್ಲಿ ಕಬ್ಬಿಣದ ಕಂಬಿಗಳನ್ನು ತಂದು ಒಟ್ಟಿದ್ದರು. ಅವ್ವ ಬುಟ್ಟಿ ಹೊತ್ತವಳು ಹಿಂದಕ್ಕೆ ತಿರುಗಲಿಲ್ಲ. ಶಿವುವನ್ನು ಖಾಲಾ ಹತ್ತಿರ ಬಿಟ್ಟು ಬಂದಿದ್ದೆವು. ನಾನು ತಂಬಿಗೆ ಹಿಡಿದು ಅವಳ ಹಿಂದೆ ನಡೆದೆ, ನಡೆದೆ, ಹಳಿ ದಾಟಿ, ಮನೆಗಳು ಮುಗಿದು, ನಾಲೆಯ ದಂಡೆಗೆ ಬಂದೆವು. ಅಲ್ಲಿ ಕಾಯಿಪಲ್ಲೆಯ ಮಡಿಗಳಿದ್ದವು. ಅವುಗಳ ಆಚೆ, ನಂಬುತ್ತೀರೋ ಇಲ್ಲವೋ, ಹಳದಿ ಹೂವು ಬಿಟ್ಟ ತೊಗರಿ ನಿಂತಿತ್ತು. ಅವ್ವ ಬುಟ್ಟಿ ಇಳಿಸಿ, ಒಂದು ಗಿಡವನ್ನು ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಯಾರ ಹೊಲ, ಕೇಳಬೇಕೇ ಬೇಡವೇ ಎನ್ನುವುದು ಅವಳ ತಲೆಗೇ ಬರಲಿಲ್ಲ. ನಮ್ಮ ಕಡೆ ಆ ಒಂದು ದಿನ ಎಲ್ಲರ ಹೊಲವೂ ಎಲ್ಲರದು. ದಾರಿಯಲ್ಲಿ ಹೋಗುವವರನ್ನು ಕರೆದು ಉಣಿಸುವ ದಿನ ಅದು; ಬರಲೇ ಎಂದು ಕೇಳಿದರೆ ಹೊಲದವರಿಗೇ ಅವಮಾನ. ಈ ಸೀಮೆಯಲ್ಲಿ ಅಮಾವಾಸ್ಯೆಯ ದಿನ ಗುರುತಿಲ್ಲದ ಹೆಂಗಸು ಹೊಲಕ್ಕಿಳಿದು ಹಳದಿ ಅನ್ನ ಚೆಲ್ಲಿದರೆ ಜನ ಏನೆಂದುಕೊಳ್ಳುತ್ತಾರೆ ಅನ್ನುವುದು ಅವಳಿಗೆ ಹೇಗೆ ಗೊತ್ತಿರಬೇಕು?

ಐದು ಕಲ್ಲು ಆಯ್ದು ಬದುವಿನ ಮೇಲೆ ಕೂರಿಸಿ, ಸುಣ್ಣ ಹಚ್ಚಿ, ಕುಂಕುಮ ಇಟ್ಟಳು. ಕಾಯಿ ಒಡೆದಳು. ಕಲಸಿದ ಅನ್ನದ ಪಾತ್ರೆ ಹಿಡಿದು ಹೊರಟಳು. ಅವಳು ಹುಲ್ಲುಲ್ಲಿಗೋ, ನಾನು ಚಲ್ಲಾಂಬ್ರಿಗೋ. ಎರಡು ಮೂಲೆ ಆಗಿತ್ತು. ಆಗ ಮಡಿಗಳ ಕಡೆಯಿಂದ ಒಬ್ಬ ಹೆಂಗಸು ಕುಡಗೋಲು ಹಿಡಿದವಳು ಓಡಿಬಂದಳು, ಅವಳ ಹಿಂದೆ ಇಬ್ಬರು ಗಂಡಸರು. ಹೆಂಗಸಿನ ಹೆಸರು ಯಾದಮ್ಮ ಎಂದು ಆಮೇಲೆ ತಿಳಿಯಿತು, ಹೊಲ ಅವಳದೇ. ಅವಳ ಮನೆಯಲ್ಲಿ ಆ ತಿಂಗಳೇ ಒಂದು ಎಮ್ಮೆ ಸತ್ತಿತ್ತು ಅನ್ನುವುದೂ ಆಮೇಲೆಯೇ ತಿಳಿದದ್ದು.

“ಎವರು ನುವ್ವು? ಅಮಾಸ ನಾಡು ಮಾ ಚೇನ್ಲ ಏಂ ಜಲ್ಲುತುನ್ನವ್?”

ಬೀದಿಯಲ್ಲಿ ಆಡಿ ನನಗೆ ತೆಲುಗು ಬರುತ್ತಿತ್ತು. ನೀನು ಯಾರು, ಅಮಾವಾಸ್ಯೆಯ ದಿನ ನಮ್ಮ ಹೊಲದಲ್ಲಿ ಏನು ಚೆಲ್ಲುತ್ತಿದ್ದೀಯಾ ಎಂದು ಕೇಳುತ್ತಿದ್ದಾಳೆ ಎಂದು ಅವ್ವನಿಗೆ ಹೇಳಬೇಕು, ಬಾಯಿ ಬರಲಿಲ್ಲ. ಗಂಡಸರಲ್ಲೊಬ್ಬ ಸುಣ್ಣ ಹಚ್ಚಿದ ಕಲ್ಲುಗಳನ್ನು ನೋಡಿ ಒಂದೇ ಮಾತು ಅಂದ: ಬಾಣಾಮತಿ. ಆ ಮಾತನ್ನು ಅವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾಟ ಮಾಡುವವಳೆಂದು ಒಂದು ಸಲ ಹೆಸರು ಬಿದ್ದರೆ ಹೆಂಗಸಿನ ಗತಿ ಏನು ಅನ್ನುವುದು ನಮ್ಮ ಊರಿನಲ್ಲೂ ಒಂದೇ, ಇಲ್ಲಿಯೂ ಒಂದೇ. ಅವಳ ಕೈಯಲ್ಲಿದ್ದ ಪಾತ್ರೆ ಅಲುಗಿದ್ದು ನನಗೆ ಕಂಡಿತು. ಓಡಬಹುದಾಗಿತ್ತು. ಓಡಲಿಲ್ಲ. ಬದುವಿನ ಮೇಲೆ ಕಾಲು ಮಡಿಚಿ ಕೂತಳು, ಮನೆಯಲ್ಲಿ ಊಟದ ಪರಿಯಾಣದ ಮುಂದೆ ಕೂತ ಹಾಗೆ.

“ನೀಲಾ, ಬಾ ಇಲ್ಲಿ. ಬಾಯಿ ತಗಿ.”

ಚೆಲ್ಲುತ್ತಿದ್ದ ಅದೇ ಪಾತ್ರೆಯಿಂದ ಒಂದು ತುತ್ತು ಮಾಡಿ ನನ್ನ ಬಾಯಿಗಿಟ್ಟಳು. ಅದನ್ನು ನುಂಗುವ ಮೊದಲೇ ಇನ್ನೊಂದು. ನಾನು ಅಳುತ್ತ ಅಗಿದೆ. ಆಮೇಲೆ ಅವರ ಕಡೆ ತಿರುಗಿ, ಅವರಿಗೆ ತಿಳಿಯುತ್ತದೋ ಇಲ್ಲವೋ ನೋಡದೆ, ಕನ್ನಡದಲ್ಲೇ ಹೇಳಿದಳು:

“ನಾ ಉಣ್ಣಂಗಿಲ್ರಿ, ಇನ್ನಾ ಎರಡು ಮೂಲಿ ಉಳದಾವ. ನನ್ನ ಮಗಳು ಉಣ್ಣಾಕತ್ಯಾಳ, ನೋಡ್ರಿ.”

ಯಾದಮ್ಮ ನನ್ನನ್ನೇ ನೋಡುತ್ತ ನಿಂತಳು, ನಾನು ಈಗ ಬೀಳುತ್ತೇನೆ, ಆಗ ಬೀಳುತ್ತೇನೆ ಅನ್ನುವ ಹಾಗೆ. ನಾನು ಬೀಳಲಿಲ್ಲ, ಬಿಕ್ಕಳಿಕೆ ಬಂತು. ಅವಳೇ ತಂಬಿಗೆ ಎತ್ತಿ ನನಗೆ ನೀರು ಕುಡಿಸಿದಳು. ಕುಡಗೋಲನ್ನು ಕಂಕುಳಿಗೆ ಸಿಕ್ಕಿಸಿ ಬುಟ್ಟಿಗೆ ಬಗ್ಗಿ, ಒಂದು ಕಡಬನ್ನು ಮುರಿದು ಮೂಸಿ ನೋಡಿದಳು. “ಸಜ್ಜಲಾ?” ಎಂದಳು. “ಹೂಂ ರಿ, ಸಜ್ಜಿ,” ಎಂದಳು ಅವ್ವ. ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದು. ನನಗೆ ಧೈರ್ಯ ಬಂದು, ನಮ್ಮಮ್ಮ ಭೂಮಿಗೆ ಊಟ ಹಾಕುತ್ತಿದ್ದಾಳೆ ಎಂದು ತೆಲುಗಿನಲ್ಲಿ ಹೇಳಿದೆ. ಭೂಮಿ ಬಸುರಿ ಅನ್ನುವುದನ್ನೂ ಹೇಳಿದೆ. ಯಾದಮ್ಮ ತನ್ನ ತೊಗರಿಯನ್ನು ಒಂದು ಸಲ ನೋಡಿದಳು. ಬಸುರಿಗೆ ಬಡಿಸುವುದನ್ನು ನಡುವೆ ನಿಲ್ಲಿಸಿದ್ದು ಸರಿಯಾಗಲಿಲ್ಲ ಅಂತ ಅವಳಿಗೂ ಅನ್ನಿಸಿರಬೇಕು. ಗಂಡಸರನ್ನು ಗದರಿಸಿ ಹಿಂದಕ್ಕೆ ಕಳಿಸಿ, ಉಳಿದ ಕಡೆಗೆ ಕೈ ತೋರಿಸಿದಳು.

“ಗಾ ಮೂಲಕು ಗೂಡ ಎಯ್ಯಿ.”

ಆ ಮೂಲೆಗೂ ಹಾಕು ಎಂದದ್ದು. ಅವ್ವ ಎದ್ದು ಹುಲ್ಲುಲ್ಲಿಗೋ ಅಂದಳು. ಬಿಕ್ಕಳಿಕೆಯಲ್ಲಿ ನನ್ನ ಬಾಯಿಂದ ಉತ್ತರ ಸರಿಯಾಗಿ ಹೊರಡಲಿಲ್ಲ. ಯಾದಮ್ಮ ತಂಬಿಗೆ ಕಸಿದುಕೊಂಡು, ತನಗೆ ಕೇಳಿಸಿದಂತೆ ಏನೋ ಒಂದು ಅಂದುಕೊಂಡು ಹಿಂದೆ ನಡೆದಳು. ನಾಲ್ಕನೆಯ ಮೂಲೆಯ ಹೊತ್ತಿಗೆ ಅವಳಿಗೆ ಬಾಯಿಪಾಠವಾಗಿತ್ತು. ಆ ದಿನ ಬದುವಿನ ಮೇಲೆ ಆ ಗಂಡಸರೂ ಕೂತು ಉಂಡರು. ಹೊಲದಲ್ಲಿ ಯಾರಾದರೂ ಬರುತ್ತಾರೆ ಎಂದು ಅವ್ವ ಮಾಡಿದ್ದ ಅಡುಗೆ ಅವತ್ತು ಸರಿಯಾಗಿ ಸಾಕಾಯಿತು.

ಸಂಜೆ ಸಂಗತಿ ಕೇಳಿ ಅಪ್ಪ ಊಟ ಬಿಟ್ಟು ಎದ್ದರು. ಅವರು ದನಿ ಏರಿಸಿದ್ದು ನಾನು ಕೇಳಿದ್ದು ಕಡಿಮೆ. ಹೊಡೆದು ಕೆಡವಿದ್ದರೆ ಈ ಮಕ್ಕಳಿಗೆ ಯಾರು ದಿಕ್ಕು, ಇನ್ನು ಮೇಲೆ ಹೊಸ್ತಿಲು ದಾಟಿದರೆ ನೋಡು ಎಂದೆಲ್ಲ ಕೂಗಾಡಿದರು. ಖಾಲಾ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದರು. ಅಪ್ಪ ಸುಸ್ತಾಗಿ ಸುಮ್ಮನಾದ ಮೇಲೆ ಅವ್ವ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ಅದರ ತುಂಬ ಹಸಿ ಕೊತ್ತಂಬರಿ, ಪುಂಡಿ ಸೊಪ್ಪು.

“ಹೊಡೀಲಿಲ್ಲಲ್ರಿ. ಮ್ಯಾಲ ಇಷ್ಟು ಕೊಟ್ಟು ಕಳಿಸ್ಯಾಳ. ಖಾಲಾಗ ಒಂದು ಕಟ್ಟು ಕೊಟ್ಟು ಬರ್ತೀನಿ, ಉಣ್ಣಾಕ ಕುಂದರ್ರಿ.”

ಖಾಲಾ ಮೇಲಿನಿಂದಲೇ ನಕ್ಕರು. ಅಪ್ಪನೂ ಊಟಕ್ಕೆ ಕೂತರು. ನನಗೆ ಮಾತ್ರ ಆ ರಾತ್ರಿ ನಿದ್ದೆಗಣ್ಣಿನಲ್ಲೂ ಬಾಯಲ್ಲಿ ಆ ತುತ್ತಿನ ರುಚಿ ಇತ್ತು. ಅವ್ವನಿಗೆ ಆ ಹೊತ್ತಿನಲ್ಲಿ ತಾನು ನಂಬಿದ್ದನ್ನು ಸಾಬೀತು ಮಾಡಲು ಇದ್ದದ್ದು ನಾನೊಬ್ಬಳೇ. ನನ್ನನ್ನು ಮುಂದೆ ಮಾಡಿದ್ದು ಸರಿಯೋ ತಪ್ಪೋ ಎಂದು ಓದಿದವರು ಕೇಳಬಹುದು. ನನಗೆ ಅವತ್ತಿನಿಂದ ದೇವರ ವಿಷಯದಲ್ಲಿ ಹೆದರಿಕೆ ಹೋಯಿತು, ಅಷ್ಟು ಗೊತ್ತು. ದೇವರಿಗೆ ಕೊಡುವ ಪಾತ್ರೆಯಿಂದಲೇ ಮಗಳಿಗೂ ಕೊಡಬಹುದು. ಅದರಲ್ಲಿ ಬೇರೆ ಏನೂ ಇರುವುದಿಲ್ಲ.

ಯಾದಮ್ಮನ ಹೊಲ ನಾನು ಮದುವೆಯಾಗುವ ತನಕ ಅವ್ವನಿಗೆ ನಡೆಯಿತು. ಆಮೇಲೆ ಅಲ್ಲಿ ಕಾಲೋನಿ ಬಂತು. ಯಾದಮ್ಮ ಮಗನ ಮನೆಗೆ ಹೋದಳು. ಅಪ್ಪ ತೀರಿಕೊಂಡ ಮೇಲೆ ಅವ್ವ ಶಿವುವಿನ ಜೊತೆ ಪಟಾನ್‌ಚೆರುವಿನಲ್ಲಿದ್ದಳು, ಅವನಿಗೆ ಅಲ್ಲೊಂದು ಔಷಧದ ಕಾರ್ಖಾನೆಯಲ್ಲಿ ಕೆಲಸ. ಅವನ ಮನೆಯ ಹಿಂದಿನ ಬಯಲಿನಲ್ಲಿ ಮಣ್ಣಿಗೆ ಒಂಥರಾ ಕಹಿ ವಾಸನೆ, ಹುಲ್ಲು ಸಹ ಹಳದಿ. ಇದಕ್ಕೆ ಯಾಕೆ ಹಾಕುತ್ತೀ ಎಂದು ಶಿವು ಕೇಳಿದರೆ, ಜಡ್ಡಿನವರಿಗೆ ಉಣಿಸಬಾರದೇನು ಎಂದು ಅವನನ್ನೇ ಬೈದಳಂತೆ. ಕಡೆಗೆ ನನ್ನ ಹತ್ತಿರ ಕೊಂಡಾಪುರಕ್ಕೆ ಬಂದಳು. ನಾವು ಒಂಬತ್ತನೆಯ ಮಹಡಿಯಲ್ಲಿ. ಬಾಲ್ಕನಿಯಿಂದ ಕಾಣುವುದೆಲ್ಲ ಗಾಜಿನ ಕಟ್ಟಡ, ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿಕೊಂಡು ಓಡಾಡುವ ಹುಡುಗ ಹುಡುಗಿಯರು. ಕೆಳಗೆ ಅಪಾರ್ಟ್‌ಮೆಂಟಿನ ಹುಲ್ಲುಹಾಸು ಇತ್ತು. ಅವ್ವ ಅದರ ನಾಲ್ಕು ಮೂಲೆಗೆ ಚೆಲ್ಲಿದಳು. ವಾಚ್‌ಮನ್ ಇರುವೆ ಬರುತ್ತವಮ್ಮಾ ಎಂದು ಓಡಿಬಂದ.

“ಬರ್ಲಿ ಬಿಡಪಾ. ಅವಕ್ಕ ಹಸಿವಿಲ್ಲೇನು?”

ನನ್ನ ಯಜಮಾನರು ಕಲಬುರಗಿಯ ಪೇಟೆಯಲ್ಲಿ ಬೆಳೆದವರು, ಹೊಲ ಕಂಡವರಲ್ಲ. ನಿಮ್ಮವ್ವ ಹೈದರಾಬಾದಿನ ಖಾಲಿ ಜಾಗವನ್ನೆಲ್ಲ ತನ್ನ ಹೆಸರಿಗೆ ಪಟ್ಟಾ ಮಾಡಿಸಿಕೊಂಡಿದ್ದಾಳೆ ಎಂದು ಪ್ರತಿ ವರ್ಷ ನಗುತ್ತಿದ್ದರು. ಅವ್ವನ ಮುಂದೆಯೇ ಅನ್ನುತ್ತಿದ್ದರು. ಹೂಂ, ಅಳಿಯಂದಿರ ಹೆಸರಿಗೆ ಬರೆದು ಹೋಗ್ತೀನಿ ಎಂದು ಅವಳೂ ನಗುತ್ತಿದ್ದಳು.

ತೊಂಬತ್ತು ದಾಟಿದ ಮೇಲೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ದೇವರ ದಯೆ, ಎಲುಬು ಕೂಡಿತು. ಆದರೆ ನಡಿಗೆ ಹೋಯಿತು, ದನಿಯೂ ಇಳಿದು ಪಿಸುಮಾತಾಯಿತು. ಆ ಚಳಿಗಾಲದಲ್ಲಿ ಅಪಾರ್ಟ್‌ಮೆಂಟಿನವರು ಹುಲ್ಲುಹಾಸು ಕಿತ್ತು ಪ್ಲಾಸ್ಟಿಕ್ಕಿನ ಹುಲ್ಲು ಹಾಕಿಸಿದರು. ಅಮಾವಾಸ್ಯೆ ಹತ್ತಿರ ಬಂದಂತೆ ಅವ್ವ ದಿನಾ ಬೆಳಿಗ್ಗೆ ಕೇಳತೊಡಗಿದಳು: ನೆಲ ನೋಡಿದೆಯೇನು? ನೋಡುತ್ತಿದ್ದೇನೆ ಅನ್ನುತ್ತಿದ್ದೆ. ಕುಂಡದಲ್ಲಿ ಚೆಲ್ಲೋಣ ಎಂದು ಒಂದು ಸಲ ಅಂದೆ. ಅವಳು ನನ್ನನ್ನು ಬೈಯಲಿಲ್ಲ. ಗೋಡೆಯ ಕಡೆ ಮುಖ ಮಾಡಿದಳು. ಅವತ್ತು ಮಧ್ಯಾಹ್ನ ಗಂಜಿ ಅರ್ಧಕ್ಕೇ ಬಿಟ್ಟಳು. ಚರಗ ಆಗದೆ ಅವಳು ಆ ದಿನ ಉಣ್ಣುವುದಿಲ್ಲ, ಉಣ್ಣದಿದ್ದರೆ ಆ ಶರೀರ ತಡೆಯುವುದಿಲ್ಲ. ನನಗೆ ಪೂಜೆಯಲ್ಲಿ ಮನಸ್ಸು ನಿಲ್ಲದಾಯಿತು. ಶಿವನೇ, ದೊಡ್ಡದೇನೂ ಬೇಡ, ಒಂದು ಸೀರೆ ಹಾಸುವಷ್ಟು ನೆಲ ತೋರಿಸು ಎಂದು ಕೇಳಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ. ಕೆಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು. ಆ ಸದ್ದಿನ ಗುರುತು ನನಗೆ ತಪ್ಪಲು ಸಾಧ್ಯವಿಲ್ಲ. ನಮ್ಮ ಗೋಡೆಯ ಆಚೆ ಹೊಸ ಕಟ್ಟಡ ಏಳುತ್ತಿತ್ತು. ಅದರ ಬುಡದಲ್ಲಿ ಕೆಲಸದವರ ತಗಡಿನ ಶೆಡ್ಡುಗಳು. ವರ್ಷದಿಂದ ಇದ್ದವು, ಧೂಳಿಗೆಂದು ಕಿಟಕಿ ಹಾಕಿಕೊಂಡೇ ಇದ್ದ ನಾನು ಅತ್ತ ನೋಡಿರಲಿಲ್ಲ. ಕೆಳಗಿಳಿದು ಸುತ್ತುಹಾಕಿ ಹೋದೆ. ಮೂರು ಕಲ್ಲಿನ ಒಲೆಯ ಮುಂದೆ ಕೂತಿದ್ದ ಹೆಣ್ಣುಮಗಳ ಹೆಸರು ಭೀಮವ್ವ, ಯಾದಗಿರಿ ಕಡೆಯವಳು. ನನ್ನ ಸೀರೆ, ಕನ್ನಡಕ ನೋಡಿ ಎದ್ದು ನಿಂತಳು, ಹೊಗೆಯ ಬಗ್ಗೆ ಬೈಯಲು ಬಂದಿದ್ದೇನೆಂದು. ಕನ್ನಡ ಕೇಳಿದ ಮೇಲೆ ಕೂತಳು. ಈ ಸಲ ಊರಿಗೆ ಹೋಗಿಲ್ಲ, ಸ್ಲ್ಯಾಬಿನ ಕೆಲಸ ನಡೆದಿದೆ, ಮೇಸ್ತ್ರಿ ಯಾರನ್ನೂ ಬಿಟ್ಟಿಲ್ಲ ಎಂದಳು. ನಾನು ಅವ್ವನ ಸಂಗತಿ ಹೇಳಿದೆ. ಅವಳು ರೊಟ್ಟಿ ಹೊರಳಿಸಿ, ಎದ್ದು, ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದಳು. ನೀರಿನ ಟ್ಯಾಂಕು ತುಂಬಿ ಹರಿಯುವ ಕಡೆ, ಇಟ್ಟಿಗೆಯ ಸಾಲು ಮತ್ತು ಗೋಡೆಯ ನಡುವೆ, ಒಂದು ಪಟ್ಟಿ ತೊಗರಿ. ಅದರ ಅಂಚಿಗೆ ನಾಲ್ಕು ಜೋಳದ ದಂಟು, ಪುಂಡಿ. ಕೈಯಾಡಿಸಿ ನೋಡಿದೆ, ಕಾಯಿ ಕಟ್ಟಿತ್ತು.

“ಊರಿಂದ ಬೀಜ ತಂದಿದ್ದೆ ಯಕ್ಕಾ. ಸುಮ್ಮ ಕುಂದ್ರಾಕ ಆಗಂಗಿಲ್ಲಲ್ಲ. ಅವ್ವಾರ್ನ ಕರ್ಕೊಂಡ್ ಬರ್ರಿ. ಇದೂ ಹೊಲಾನ ಐತಿ.”

ಅಮಾವಾಸ್ಯೆಯ ದಿನ ಅವ್ವ ಮಂಚದ ಮೇಲಿಂದಲೇ ಅಡುಗೆ ನಡೆಸಿದಳು. ಭಜ್ಜಿಗೆ ಇನ್ನೊಂದು ಹಿಡಿ ಕಾಳು ಹಾಕು, ಕಡಬು ಕಡಿಮೆಯಾಯಿತು. ಯಾರಿಗವ್ವಾ ಇಷ್ಟು ಎಂದು ಯಜಮಾನರು ಕೇಳಿದರು. ಅವಳ ಉತ್ತರವನ್ನು ನಾನೇ ಹೇಳಿದೆ. ಗಾಲಿಕುರ್ಚಿಯಲ್ಲಿ ಕೂರಿಸಿ, ಲಿಫ್ಟಿನಲ್ಲಿ ಇಳಿಸಿ, ಯಜಮಾನರು ತಳ್ಳಿಕೊಂಡು ಬಂದರು. ಭೀಮವ್ವ ನೆಲ ಸಾರಿಸಿ ಐದು ಕಲ್ಲು ಇಟ್ಟಿದ್ದಳು. ಕಟ್ಟಡದ ಜಾಗದಲ್ಲಿ ಕಲ್ಲಿಗೆ, ಸುಣ್ಣಕ್ಕೆ ಏನು ಕೊರತೆ. ಅವ್ವ ಬಗ್ಗಿ ತೊಗರಿಯ ಎಲೆಯನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಪಾತ್ರೆ ಅವಳ ತೊಡೆಯ ಮೇಲಿಟ್ಟೆವು. ಕುರ್ಚಿ ಮೆಲ್ಲಗೆ ಸರಿಯಿತು. ಅವಳು ಒಂದು ಹಿಡಿ ಚೆಲ್ಲಿ ಬಾಯಿ ತೆರೆದಳು. ಹುಲ್ಲುಲ್ಲಿಗೋ ಅನ್ನುವುದು ಗಾಳಿಯ ಹಾಗೆ ಬಂತು, ಪಕ್ಕದಲ್ಲಿದ್ದ ನನಗೇ ಅರ್ಧ ಕೇಳಿಸಿತು. ಮತ್ತೆ ಪ್ರಯತ್ನಪಟ್ಟಳು. ದನಿ ಏಳಲಿಲ್ಲ. ಅವಳು ನನ್ನನ್ನು ನೋಡಿದ ನೋಟದಲ್ಲಿ ಯಾದಮ್ಮನ ಹೊಲದಲ್ಲಿ ಪಾತ್ರೆ ಅಲುಗಿದ್ದು ನೆನಪಾಯಿತು. ಅಷ್ಟರಲ್ಲಿ ಭೀಮವ್ವ ಸೆರಗು ಸಿಕ್ಕಿಸಿ, ಕತ್ತೆತ್ತಿ, ಅವ್ವನ ಮಾತನ್ನೇ ಎತ್ತಿಕೊಂಡು ಹೊಲದಲ್ಲಿ ಕೂಗುವ ಹಾಗೆ ಕೂಗಿದಳು:

“ಹುಲ್ಲುಲ್ಲಿಗೋ!”

ನಾನು ತಂಬಿಗೆ ಹಿಡಿದು ಬಾಯಿ ತೆರೆಯುವ ಮೊದಲೇ ಮೇಲಿನಿಂದ ಉತ್ತರ ಬಂತು. ಕಟ್ಟಡದ ಮುಕ್ಕಾಲು ಎತ್ತರದಲ್ಲಿ, ಕಂಬಿ ಕಟ್ಟುತ್ತಿದ್ದ ಯಾರೋ ಒಬ್ಬ ಗಂಡಸು, ಚಲ್ಲಾಂಬ್ರಿಗೋ ಎಂದ. ಇನ್ನೊಂದು ಅಂತಸ್ತಿನಿಂದ ಇಬ್ಬರು ಅಂದರು. ಎರಡನೆಯ ಮೂಲೆಗೆ ಹೋಗುವಾಗ ಆ ಕಡೆಯ ಗೋಡೆಯ ಹಿಂದಿನಿಂದ ಹೆಂಗಸರ ದನಿಗಳು ಸೇರಿದವು. ಕಾಂಕ್ರೀಟ್ ಕಲಸುವ ಯಂತ್ರವನ್ನು ಯಾರೋ ನಿಲ್ಲಿಸಿದರು. ಕಲಬುರಗಿಯವರು, ಯಾದಗಿರಿಯವರು, ರಾಯಚೂರಿನವರು ಎಷ್ಟು ಜನ ಆ ಕಟ್ಟಡದ ತುಂಬ ಇದ್ದರೋ ದೇವರಿಗೇ ಗೊತ್ತು. ಒಬ್ಬೊಬ್ಬರೂ ಎಲ್ಲಿದ್ದರೋ ಅಲ್ಲಿಂದಲೇ ಉತ್ತರ ಕೊಟ್ಟರು. ಅವ್ವ ಕತ್ತು ಮೇಲೆತ್ತಿ ನೋಡಿದಳು. ಪೊರೆ ಬಂದ ಕಣ್ಣಿಗೆ ಅಷ್ಟು ಎತ್ತರದ್ದು ಏನು ಕಂಡೀತು. ನಾಲ್ಕು ಮೂಲೆ ಮುಗಿದ ಮೇಲೆ ಭೀಮವ್ವನನ್ನು ಹತ್ತಿರ ಕರೆದಳು.

“ಇಷ್ಟು ಮಂದಿ ಹೊಲ್ದಾಗ ಅದೀರಿ, ಒಬ್ಬರೂ ಕಾಣ್ಲಿಲ್ಲ ನೋಡು ನನಗ. ಉಣ್ಣಾಕ ಕರಿ ಎಲ್ಲಾರ್ನೂ.”

ಅವತ್ತು ಬುಟ್ಟಿಯಲ್ಲಿ ಏನೂ ಉಳಿಯಲಿಲ್ಲ. ಮೇಸ್ತ್ರಿ ಆಂಧ್ರದವನು, ಮೊದಲು ಗೊಣಗಿದ, ಆಮೇಲೆ ಭಜ್ಜಿಯನ್ನು ಎರಡು ಸಲ ಹಾಕಿಸಿಕೊಂಡ. ಅವ್ವ ಎಲ್ಲರಾದ ಮೇಲೆ ಉಂಡಳು. ಅರ್ಧ ಕಡಬು, ಸ್ವಲ್ಪ ಅನ್ನ. ಮೇಲೆ ಹೋಗುವಾಗ ಲಿಫ್ಟಿನಲ್ಲಿ ನನ್ನ ಕೈಹಿಡಿದು, ಮುಂದಿನ ವರ್ಷ ಮುಂದೆ ನೀ ಕೂಗು, ಬೆನ್ನಿಗೆ ನಾ ಅಂತೀನಿ ಎಂದಳು.

ಬೇಸಿಗೆಯ ಒಂದು ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿಯ ಹಣೆಯಲ್ಲೇ ದಿಂಬಿಗೆ ಒರಗಿದವಳು ಏಳಲಿಲ್ಲ. ಕರೆದರೆ ಓ ಅನ್ನುವಷ್ಟು ಹತ್ತಿರದಲ್ಲಿ ನಾನಿದ್ದೆ, ಅವಳಿಗೆ ನೋವಿರಲಿಲ್ಲ. ಇವೆರಡನ್ನೂ ನಾನು ದೇವರು ಕೊಟ್ಟದ್ದರಲ್ಲಿ ಸೇರಿಸಿಕೊಂಡಿದ್ದೇನೆ. ಊರಿಗೆ ಒಯ್ದು ತವರಿನ ಕರಿಮಣ್ಣಿನಲ್ಲೇ ಮಣ್ಣು ಮಾಡಿದೆವು. ಹಿಂದಿನ ಕಟ್ಟಡ ಮುಗಿಯಿತು. ತೊಗರಿ ಇದ್ದಲ್ಲಿ ಈಗ ಕಾರುಗಳು ನಿಲ್ಲುತ್ತವೆ, ಶೆಡ್ಡುಗಳು ಎದ್ದು ಹೋದವು. ಈ ಸಲ ಎಳ್ಳಮಾವಾಸ್ಯೆ ಹತ್ತಿರ ಬಂದಾಗ ನಾನು ಅಂದುಕೊಂಡೆ, ಚರಗ ಅವ್ವನದು, ಅವ್ವನ ಜೊತೆಗೆ ಹೋಯಿತು, ದೇವರ ಮುಂದೆ ಎಡೆ ಇಟ್ಟರಾಯಿತು. ಅಪ್ಪನ ವಾದ ಕೊನೆಗೆ ಗೆದ್ದಿತು ಅನ್ನಿ. ನಿನ್ನೆ ಮಧ್ಯಾಹ್ನ ಭೀಮವ್ವನ ಫೋನು ಬಂತು. ಎರಡು ಮೂರು ಬಸ್ ಸ್ಟಾಪಿನ ಆಚೆ ಹೊಸ ಕಟ್ಟಡದಲ್ಲಿ ಕೆಲಸವಂತೆ, ಚರಗಕ್ಕೆ ಬನ್ನಿ ಎಂದಳು. ನಾನು ಅವ್ವ ಇಲ್ಲದ ಮಾತು ಎತ್ತಿದೆ.

“ಅವ್ವಾರು ಇಲ್ಲಂದ್ರ ಹೊಲ ಉಪಾಸ ಇರ್ಬೇಕೇನ್ರಿ ಯಕ್ಕಾ? ಇಲ್ಲೂ ತೊಗರಿ ಹಾಕೀನಿ. ಕಾಯಿ ಕಟ್ಟ್ಯಾವ.”

ನಾಳೆ ಅಮಾವಾಸ್ಯೆ, ಅವರೆಕಾಳು ನೆನೆಹಾಕಿದ್ದೇನೆ. ಭಜ್ಜಿಗೆ ಇನ್ನೊಂದು ಹಿಡಿ ಹೆಚ್ಚೇ ಹಾಕಿದ್ದೇನೆ. ಈ ಸಲ ಮುಂದೆ ಕೂಗಬೇಕಾದವಳು ನಾನು, ಹುಟ್ಟಿದಾಗಿನಿಂದ ಬೆನ್ನಿಗೆ ಅಂದೇ ರೂಢಿ. ಇಂದು ಬೆಳಿಗ್ಗೆ ಅಡುಗೆ ಮನೆಯಲ್ಲಿ ಯಾರೂ ಇಲ್ಲದಾಗ, ಒಲೆಯ ಕಡೆ ಮುಖ ಮಾಡಿ, ದನಿ ಹೇಗೆ ಬರುತ್ತದೋ ನೋಡೋಣವೆಂದು ಮೆಲ್ಲಗೆ ಹುಲ್ಲುಲ್ಲಿಗೋ ಅಂದೆ. ಹೊರಗಿನ ಕೋಣೆಯಲ್ಲಿ ಪೇಪರು ಮಡಚಿದ ಸದ್ದಾಯಿತು. ಹೊಲ ಕಾಣದ ನನ್ನ ಯಜಮಾನರು, ಕೆಮ್ಮಿ ಗಂಟಲು ಸರಿಮಾಡಿಕೊಂಡು, ಚಲ್ಲಾಂಬ್ರಿಗೋ ಎಂದರು.